ಮೊದಲು ನಿದ್ದೆ, ಆಮೇಲೆ ನಕ್ಷತ್ರ: ದುರ್ಗದ ಗುಡ್ಡದಲ್ಲಿ ನನ್ನ ಅನುಭವ

ವಿದ್ಯಾರ್ಥಿಗಳನ್ನು ನಕ್ಷತ್ರ ವೀಕ್ಷಣೆಗೆ ಕರೆದೊಯ್ಯುವವರೆಲ್ಲರ ವೇಳಾಪಟ್ಟಿ ಒಂದೇ. ಸಂಜೆ ಗುಡ್ಡ ತಲುಪುವುದು, ಊಟ ಮುಗಿಸುವುದು, ಒಂಬತ್ತರಿಂದ ಹನ್ನೆರಡೂವರೆಯವರೆಗೆ ನೋಡುವುದು, ಆಮೇಲೆ ಮಲಗುವುದು. ನಾನೂ ಎಷ್ಟೋ ಚಳಿಗಾಲ ಹಾಗೆಯೇ ಮಾಡಿದವನು. 2025ರ ಜನವರಿ 31 ಮತ್ತು ಫೆಬ್ರವರಿ 1ರ ರಾತ್ರಿಗಳಲ್ಲಿ ಚಿತ್ರದುರ್ಗದ ಕಡೆಯ ಗುಡ್ಡವೊಂದರಲ್ಲಿ ಆ ಪಟ್ಟಿಯನ್ನು ತಲೆಕೆಳಗು ಮಾಡಿದೆ. ಒಂಬತ್ತಕ್ಕೆ ಮಲಗಿಸಿದೆ, ಎರಡೂವರೆಗೆ ಎಬ್ಬಿಸಿದೆ. ಎಂಟು ಮತ್ತು ಒಂಬತ್ತನೆಯ ತರಗತಿಯ ಮೂವತ್ತರ ಹತ್ತಿರದ ಮಕ್ಕಳು ಬೆಳಕು ಹರಿಯುವವರೆಗೆ ನೋಡಿದರು. ಇಬ್ಬರು ಮೂವರನ್ನು ಬಿಟ್ಟರೆ ತೂಕಡಿಸಿದವರಿಲ್ಲ.

ಮೊದಲು ಹೇಳಿದಾಗ ಯಾರೂ ಒಪ್ಪಿರಲಿಲ್ಲ. ‘ಶಾಲೆಗೆ ಏಳು ಗಂಟೆಗೆ ಎಬ್ಬಿಸುವುದಕ್ಕೇ ತಾಯಂದಿರು ಮುಖಕ್ಕೆ ನೀರು ಎರಚುತ್ತಾರೆ, ನೀವು ಎರಡೂವರೆಗೆ ಎಬ್ಬಿಸುತ್ತೀರಾ’ ಎಂದರು ನಮ್ಮ ಸಹೋದ್ಯೋಗಿ. ದಾವಣಗೆರೆಯ ಹವ್ಯಾಸಿ ಗೆಳೆಯರೊಬ್ಬರು, ತಾನೇ ಗುರಿ ಹುಡುಕಿಕೊಳ್ಳುವ ದೊಡ್ಡ ದೂರದರ್ಶಕ ಇಟ್ಟುಕೊಂಡವರು, ‘ಗುರು ಗ್ರಹ ಮುಳುಗುವ ಹೊತ್ತಿಗೆ ಎದ್ದು ಏನು ನೋಡುತ್ತೀರಿ’ ಎಂದು ನಕ್ಕರು. ಪೋಷಕರದ್ದು ಬೇರೆಯೇ ತಕರಾರು. ನಮಗೆ ಕತ್ತಲ ಆಕಾಶ ಬೇಕು, ಕತ್ತಲ ಆಕಾಶವೆಂದರೆ ಅಮಾವಾಸ್ಯೆ, ಅಮಾವಾಸ್ಯೆಯ ರಾತ್ರಿ ಮಕ್ಕಳನ್ನು ಗುಡ್ಡಕ್ಕೆ ಕಳುಹಿಸುವ ಮನೆ ನಮ್ಮ ಕಡೆ ಇಲ್ಲ. ಇದರ ಬಗ್ಗೆ ವಾದ ಮಾಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಜನವರಿ 29ಕ್ಕೆ ಅಮಾವಾಸ್ಯೆ ಇತ್ತು. ನಾನು ಬಿದಿಗೆ ಕಳೆಯುವ ಶುಕ್ರವಾರ ಆರಿಸಿಕೊಂಡೆ. ಎಳೆಯ ಚಂದ್ರ ಒಂಬತ್ತರೊಳಗೆ ಮುಳುಗುತ್ತಾನೆ, ನಾವು ಏಳುವ ಹೊತ್ತಿಗೆ ಅಮಾವಾಸ್ಯೆಯಷ್ಟೇ ಕತ್ತಲು. ಮನೆಯವರಿಗೂ ಸಮಾಧಾನ, ನಮಗೂ ನಷ್ಟವಿಲ್ಲ. ಹಿಂದಿನ ಶನಿವಾರ, ಭಾನುವಾರ ಬೇಡವೆಂದದ್ದು ಗಣರಾಜ್ಯೋತ್ಸವದ ಧ್ವಜವಂದನೆಗಾಗಿ.

ಹಿಂದಿನ ಸೋಲುಗಳ ಲೆಕ್ಕವನ್ನೂ ಕೊಡುತ್ತೇನೆ, ಏಕೆಂದರೆ ಅವುಗಳಿಗೆ ಖರ್ಚಾದ ಹಣ ಈ ಪ್ರವಾಸದ ಖರ್ಚಿಗಿಂತ ಕಡಿಮೆಯೇನಲ್ಲ. ಚಳಿಗಾಲ, ಬೆಟ್ಟ ಎಂದರೆ ಎಲ್ಲರ ಮನಸ್ಸು ಮಲೆನಾಡಿನ ಕಡೆ ಓಡುತ್ತದೆ. ಬಾಬಾಬುಡನ್‌ಗಿರಿಯ ಆಚೆ ಮಗ್ಗುಲಿನ ಒಂದು ಹೋಂಸ್ಟೇಗೆ ಮುಂಗಡವೆಂದು ಆರೇಳು ಸಾವಿರ ಕೊಟ್ಟು ಹೋಗಿದ್ದೆವು. ಎತ್ತರವೇನೋ ಚೆನ್ನಾಗಿತ್ತು, ಆದರೆ ಎಂಟು ಗಂಟೆಗೆ ಕಣಿವೆಯಿಂದ ಏರಿದ ಮಂಜು ಬೆಳಿಗ್ಗೆ ಒಂಬತ್ತರವರೆಗೆ ಇಳಿಯಲಿಲ್ಲ. ಮಕ್ಕಳು ಅಂತ್ಯಾಕ್ಷರಿ ಆಡಿ ಬಂದರು. ಎತ್ತರ ಜಾಸ್ತಿಯಾದಷ್ಟೂ ಆಕಾಶ ಒಳ್ಳೆಯದು ಎಂಬುದು ಹಿಮಾಲಯದ ಮಾತು. ನಮಗೆ ಬೇಕಾದದ್ದು ಒಣ ಗಾಳಿ. ಮಳೆ ನೆರಳಿನಲ್ಲಿರುವ ದುರ್ಗ, ಚಳ್ಳಕೆರೆ, ಜಗಳೂರು ಸೀಮೆಗಿಂತ ಒಣ ಗಾಳಿಯನ್ನು ಬೇರೆಲ್ಲಿ ಹುಡುಕುವುದು?

ಇನ್ನೊಂದು ಪೆಟ್ಟು ಫೆಂಗಲ್ ಚಂಡಮಾರುತದ್ದು. 2024ರ ಡಿಸೆಂಬರ್ 1ರ ಭಾನುವಾರ ಅಮಾವಾಸ್ಯೆ, ಅದರ ಹಿಂದಿನ ರಾತ್ರಿಗೆ ಎಲ್ಲ ಸಿದ್ಧವಾಗಿತ್ತು. ಅದೇ ನವೆಂಬರ್ 30ರಂದು ಚಂಡಮಾರುತ ಪುದುಚೇರಿಯ ಬಳಿ ದಡಕ್ಕೆ ಬಂತು, ಇಲ್ಲಿ ನಮ್ಮ ನೆತ್ತಿಯ ಮೇಲೆ ಬೂದು ಬಣ್ಣದ ಮೋಡ ನಿಂತುಬಿಟ್ಟಿತು. ಬಸ್ಸಿನವನು ಮುಂಗಡದಲ್ಲಿ ಅರ್ಧ ಹಿಂತಿರುಗಿಸಿದ, ಅಡುಗೆ ಸಾಮಾನು ಮನೆಗೆ ಬಂತು. ಬಂಗಾಳ ಕೊಲ್ಲಿ ಶಾಂತವಾಗುವವರೆಗೆ ನಮ್ಮ ಆಕಾಶವನ್ನು ನಂಬಬಾರದು. ಸಂಕ್ರಾಂತಿ ಕಳೆಯಲಿ, ಜನವರಿಯ ಕೊನೆ ಮತ್ತು ಫೆಬ್ರವರಿ ನಮ್ಮ ತಿಂಗಳು. ಜೆಮಿನಿಡ್ ಉಲ್ಕೆಗಳಿಗಾಗಿ ಡಿಸೆಂಬರ್ 13, 14ರ ಹಟ ಹಿಡಿಯುವವರು ಹಿಡಿಯಲಿ, ನಾನು ಮಕ್ಕಳ ದುಡ್ಡು ಹಾಕಿ ಜೂಜಾಡುವುದಿಲ್ಲ.

‘ಜೋಗಿಮಟ್ಟಿ ಇರುವಾಗ ಬೇರೆ ಗುಡ್ಡ ಏಕೆ’ ಎಂದು ಕೇಳುವವರು ಬಹಳ. ಎತ್ತರದ ಜಾಗ, ಚಿತ್ರದುರ್ಗ ಊರಿಗೆ ಹತ್ತಿರ, ಹಗಲು ಹೋಗಿ ಬರಲು ಸೊಗಸು. ಆದರೆ ಅದು ವನ್ಯಜೀವಿಧಾಮ, ಕರಡಿ ಮತ್ತು ಚಿರತೆಗಳ ಜಾಗ. ಮೂವತ್ತು ಮಕ್ಕಳನ್ನು ಅಲ್ಲಿ ರಾತ್ರಿ ಕೂರಿಸಲು ಅನುಮತಿ ಕೊಡುವ ಅಧಿಕಾರಿ ನಾನಾಗಿದ್ದರೆ ನಾನೂ ಕೊಡುತ್ತಿರಲಿಲ್ಲ. ನಾವು ಹೋದದ್ದು ಪರಿಚಯದ ರೈತರೊಬ್ಬರ ಜಮೀನಿಗೆ ಅಂಟಿಕೊಂಡ ಬೋಳುಗುಡ್ಡ. ಕೆಳಗೆ ತೋಟದ ಮನೆ, ಅದರಲ್ಲಿ ಶೌಚಾಲಯ, ಬಾಗಿಲಿರುವ ಎರಡು ಕೋಣೆ. ಹೆಣ್ಣುಮಕ್ಕಳು ಅರ್ಧದಷ್ಟಿದ್ದರು, ಇಬ್ಬರು ಶಿಕ್ಷಕಿಯರು ಜೊತೆಗೆ ಬಂದರು. ಈ ವ್ಯವಸ್ಥೆ ಇಲ್ಲದ ಎಷ್ಟೇ ಒಳ್ಳೆಯ ಗುಡ್ಡವಾದರೂ ಬೇಡ. ಗುಡ್ಡ ಯಾವುದು ಎಂದು ಮಾತ್ರ ಬರೆಯುವುದಿಲ್ಲ. ಬರೆದರೆ ಮುಂದಿನ ಶಿವರಾತ್ರಿಗೆ ಅಲ್ಲಿ ಬೈಕಿನ ದೀಪಗಳೇ ಇರುತ್ತವೆ.

ಜಾಗ ಆರಿಸುವವರಿಗೆ ಒಂದು ಮಾತು: ಗಾಳಿಯಂತ್ರಗಳ ಸಾಲಿನಲ್ಲಿ ದೂರದರ್ಶಕ ಇಡಬೇಡಿ. ಆ ಕಂಪನಿಯವರು ವರ್ಷಗಟ್ಟಲೆ ಗಾಳಿ ಅಳೆದು ಅತಿ ಹೆಚ್ಚು ಬೀಸುವ ಜಾಗದಲ್ಲಿಯೇ ಕಂಬ ನೆಟ್ಟಿರುತ್ತಾರೆ. ಗುಡ್ಡದ ನೆತ್ತಿಗಿಂತ ಇಪ್ಪತ್ತು ಮೂವತ್ತು ಅಡಿ ಕೆಳಗೆ, ಪಡುವಣ ಮಗ್ಗುಲಲ್ಲಿ, ಬಂಡೆಯ ಮರೆಯಲ್ಲಿ ನಿಂತರೆ ಮೂಡಣದ ಗಾಳಿ ತಲೆಯ ಮೇಲೆ ಹಾದುಹೋಗುತ್ತದೆ. ಗಾಳಿಯಂತ್ರದ ಕೆಂಪು ದೀಪಗಳು ಮಿನುಗುವುದರಿಂದ ನಷ್ಟವೇನೂ ಆಗಲಿಲ್ಲ, ಕೆಂಪು ಕಣ್ಣನ್ನು ಕೆಡಿಸುವುದಿಲ್ಲ. ಆದರೆ ಮೊದಲ ಸಂಜೆ ಅರ್ಧ ಗಂಟೆ ಅವುಗಳನ್ನೇ ಮಂಗಳ ಗ್ರಹವೆಂದು ತೋರಿಸುವ ಹುಡುಗರು ಇದ್ದೇ ಇರುತ್ತಾರೆ.

ಬಂಡೆಗಳ ಇನ್ನೊಂದು ಗುಣವೇ ನನ್ನ ವಿಧಾನದ ಬೇರು. ದುರ್ಗದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆಯಿಂದ ಉಗುಳುತ್ತದೆ. ಕೈಯಿಟ್ಟು ನೋಡಿ, ಜನವರಿಯಲ್ಲಿಯೂ ಹತ್ತು ಗಂಟೆಗೆ ಬೆಚ್ಚಗಿರುತ್ತದೆ. ಆ ಬಿಸಿ ಗಾಳಿಯ ಮೂಲಕ ನೋಡಿದರೆ ಗುರುವಿನ ಪಟ್ಟೆಗಳು ಕುದಿಯುತ್ತವೆ. ಎರಡೂವರೆಗೆ ಬಂಡೆ ಆರಿರುತ್ತದೆ, ಹೊರಗೆ ಬಟ್ಟೆ ಮುಚ್ಚಿಟ್ಟ ದೂರದರ್ಶಕದ ಕನ್ನಡಿಯೂ ಗಾಳಿಯ ಉಷ್ಣಾಂಶಕ್ಕೆ ಬಂದಿರುತ್ತದೆ. ಇಡೀ ಊರು ದೀಪ ಆರಿಸಿರುತ್ತದೆ, ಹೆದ್ದಾರಿಯ ಆಚೆಯ ಫಲಕಗಳೂ ಅರ್ಧ ಆರಿರುತ್ತವೆ. ಇವೆಲ್ಲಕ್ಕಿಂತ ದೊಡ್ಡದು ಮಕ್ಕಳ ಕಣ್ಣು. ಸಂಜೆ ಎಷ್ಟು ಕೂಗಿದರೂ ಯಾರಾದರೊಬ್ಬರು ಮೊಬೈಲ್ ತೆಗೆದು ಎಲ್ಲರ ಕಣ್ಣು ಕೆಡಿಸುತ್ತಾರೆ, ಮತ್ತೆ ಅರ್ಧ ಗಂಟೆ ಕಾಯಬೇಕು. ಐದು ಗಂಟೆ ಕತ್ತಲೆಯಲ್ಲಿ ಮಲಗಿ ಎದ್ದ ಕಣ್ಣಿಗೆ ಕಾಯುವ ಕೆಲಸವೇ ಇಲ್ಲ. ಒಂಬತ್ತಕ್ಕೆ ಎಲ್ಲ ಮೊಬೈಲುಗಳನ್ನು ಒಂದು ಗೋಣಿಚೀಲಕ್ಕೆ ಹಾಕಿ ಬಾಯಿ ಕಟ್ಟಿದೆವು.

ಗೆಳೆಯರ ಪ್ರಶ್ನೆಗೂ ಉತ್ತರ ಕೊಡಬೇಕಲ್ಲ. ಗ್ರಹಗಳನ್ನು ಬಿಡಲಿಲ್ಲ, ಮುಸ್ಸಂಜೆಗೆ ಸೇರಿಸಿದೆ. ಆರೂಮುಕ್ಕಾಲಿನಿಂದ ಎಂಟೂವರೆಯವರೆಗೆ ಪಶ್ಚಿಮದಲ್ಲಿ ಶುಕ್ರ, ಶನಿ, ಚಂದ್ರ ಒಂದೇ ಕಡೆ ಸೇರಿದ್ದವು, ನೆತ್ತಿಯಲ್ಲಿ ರೋಹಿಣಿಯ ಪಕ್ಕ ಗುರು. ಶುಕ್ರ ಅರ್ಧಕ್ಕಿಂತ ಕಡಿಮೆಯಾಗಿ ಕುಡುಗೋಲಿನಂತೆ ಕಂಡಿತು. ‘ಇದು ಚಂದ್ರ, ನೀವು ತಪ್ಪು ತಿರುಗಿಸಿದ್ದೀರಿ’ ಎಂದು ಒಬ್ಬಳು ನನ್ನೊಡನೆ ಜಗಳವಾಡಿದಳು. ಶನಿಯ ಬಳೆ ಮಾತ್ರ ಮಕ್ಕಳಿಗೆ ನಿರಾಸೆ. ಮಾರ್ಚ್ 23ಕ್ಕೆ ಬಳೆಯ ಅಂಚು ಭೂಮಿಗೆ ನೇರವಾಗುವುದಿತ್ತು, ಆಗಲೇ ಸೂಜಿಯಷ್ಟು ತೆಳುವಾಗಿತ್ತು. ‘ಪುಸ್ತಕದ ಶನಿ ಇದಲ್ಲ ಸರ್’ ಎಂದ ಹುಡುಗನಿಗೆ, ಇಂಥ ಶನಿ ಹದಿನೈದು ವರ್ಷಕ್ಕೊಮ್ಮೆ ಸಿಗುತ್ತದೆ ಎಂದೆ. ನಂಬಿದ ಹಾಗೆ ಕಾಣಲಿಲ್ಲ.

ನಮ್ಮ ಹತ್ತಿರ ಇದ್ದದ್ದು ಆರು ಇಂಚಿನ, ಎಫ್ 8ರ (ನಾಭಿದೂರ ಕನ್ನಡಿಯ ಅಗಲದ ಎಂಟರಷ್ಟು) ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ಕೈಯಿಂದಲೇ ತಿರುಗಿಸುವ ಕನ್ನಡಿ ದೂರದರ್ಶಕ. ಕೊಳವೆ ಪಿವಿಸಿ, ಪೀಠ ಪ್ಲೈವುಡ್, ಎರಡೂ ದಾವಣಗೆರೆಯದೇ. ಪೀಠ ಒಂದು ಬೆರಳಿನಲ್ಲಿ ತಳ್ಳಿದರೆ ಜಾರುತ್ತದೆ, ಬಿಟ್ಟರೆ ಅಲ್ಲಿಯೇ ನಿಲ್ಲುತ್ತದೆ. ಅದರ ಕೆಳಗೆ ಏನು ಹಾಕಿದ್ದೇನೆ ಎಂಬುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಜೊತೆಗೆ 10×50ರ ಬೈನಾಕ್ಯುಲರ್ ಮೂರು. ದುರ್ಗ ಒಣ ಸೀಮೆಯಾದರೂ ನಾಲ್ಕು ಗಂಟೆಯ ಮೇಲೆ ಇಬ್ಬನಿ ಕೂರುತ್ತದೆ. ಕೊಳವೆಯ ಬಾಯಿಗೆ ಯೋಗದ ಚಾಪೆ ಸುತ್ತಿ ಒಂದೂವರೆ ಅಡಿ ಮುಂದೆ ಚಾಚಿದೆ, ಸಾಕಾಯಿತು.

ಮಲಗುವ ಮುಂಚೆ ಒಂದು ಅಡ್ಡ ಪ್ರಯೋಗ. ಕಲ್ಲು ಸೀಮೆಯಲ್ಲಿ ಚೇಳಿನ ಭಯ ಇದ್ದೇ ಇದೆ. ಚೇಳಿನ ಮೈ ನೇರಳಾತೀತ ಬೆಳಕಿಗೆ ಹಸಿರು ನೀಲಿಯಾಗಿ ಹೊಳೆಯುತ್ತದೆ. ನಾಲ್ಕುನೂರು ರೂಪಾಯಿ ಚಿಲ್ಲರೆಗೆ ತರಿಸಿದ ನೇರಳಾತೀತ ಟಾರ್ಚ್ ಹಿಡಿದು ಹಾಸುವ ಜಾಗವನ್ನೆಲ್ಲ ಸುತ್ತಿದೆವು. ಹಾಸುವ ಜಾಗದಲ್ಲಿ ಒಂದೂ ಇರಲಿಲ್ಲ, ಆಚೆಯ ಕಲ್ಲುಗೋಡೆಯಲ್ಲಿ ಎರಡು ಹೊಳೆದವು. ಆ ಹತ್ತು ನಿಮಿಷದ ಸಂಭ್ರಮ ಶುಕ್ರನಿಗೂ ಸಿಗಲಿಲ್ಲ ಎಂದು ನನಗೆ ಸ್ವಲ್ಪ ಹೊಟ್ಟೆಕಿಚ್ಚು. ಎರಡನೆಯ ರಾತ್ರಿ ಮಕ್ಕಳೇ ಟಾರ್ಚ್ ಕಿತ್ತುಕೊಂಡು ಸುತ್ತಿದರು.

ಈಗ ಎಬ್ಬಿಸುವ ವಿಷಯ. ಸೀಟಿ, ಗಂಟೆ, ಕೂಗು ಯಾವುದೂ ಕೆಲಸಕ್ಕೆ ಬರುವುದಿಲ್ಲ. ವಾರದ ಮುಂಚೆಯೇ ಪ್ರತಿಯೊಬ್ಬರಿಗೂ ಒಂದೊಂದು ನಕ್ಷತ್ರ ಹಂಚಿದ್ದೆ: ಚಿತ್ತಾ, ಸ್ವಾತಿ, ಜ್ಯೇಷ್ಠಾ, ಆಲ್ಫಾ ಸೆಂಟಾರಿ, ಹೀಗೆ. ಎಲ್ಲವೂ ಆ ಹೊತ್ತಿನಲ್ಲಿ ಮೇಲೆ ಇರುವ ಅಥವಾ ಹುಟ್ಟುವ ನಕ್ಷತ್ರಗಳು. ಬೇರೆಯವರಿಗೆ ಅದನ್ನು ತೋರಿಸುವ ಹಕ್ಕು ಅವರಿಗೆ ಮಾತ್ರ. ಮೊದಲು ನಾನು ಎಬ್ಬಿಸಿದ್ದು ಮೂವರನ್ನು. ಉಳಿದವರನ್ನು ಅವರು ಎಬ್ಬಿಸಿದರು. ಮೇಷ್ಟರು ಎಬ್ಬಿಸಿದರೆ ಮಗುಚಿ ಮಲಗುವ ಹುಡುಗ, ಗೆಳೆಯ ‘ನಿನ್ನ ನಕ್ಷತ್ರವನ್ನು ನಾನೇ ತೋರಿಸುತ್ತೇನೆ’ ಎಂದರೆ ಏಳುತ್ತಾನೆ. ಎದ್ದ ಕೂಡಲೇ ಬಿಸಿ ರಾಗಿ ಗಂಜಿ, ಬೆಲ್ಲ. ಇಪ್ಪತ್ತು ನಿಮಿಷದೊಳಗೆ ಎಲ್ಲರೂ ಹೊರಗಿದ್ದರು. ಹೊರಗೆ ಹದಿಮೂರು ಹದಿನಾಲ್ಕು ಡಿಗ್ರಿ ಇದ್ದಿರಬೇಕು. ಚಳ್ಳಕೆರೆಯಲ್ಲಿ ಕೊಂಡ ಕರಿ ಕಂಬಳಿಗಳನ್ನು ಇಬ್ಬಿಬ್ಬರಿಗೆ ಒಂದರಂತೆ ಹೊದ್ದರು. ಕಂಬಳಿಗೆ ಇಬ್ಬನಿ ಇಳಿಯುವುದಿಲ್ಲ, ತಲೆಯ ಮೇಲೆ ಎಳೆದುಕೊಂಡರೆ ಪಕ್ಕದ ಬೆಳಕೂ ಬರುವುದಿಲ್ಲ. ಮಲಗುವ ಚೀಲಕ್ಕೆ ಮೂರು ಸಾವಿರ ಸುರಿಯುವವರನ್ನು ನೋಡಿದರೆ ನಗು ಬರುತ್ತದೆ.

ಮೊದಲ ರಾತ್ರಿ ಎಲ್ಲ ಸರಿಹೋಗಿ ಮಂಗಳಕ್ಕೆ ಕೊಳವೆ ತಿರುಗಿಸುವಷ್ಟರಲ್ಲಿ ಕೆಳಗಿನ ಹೊಲದಲ್ಲಿ ಫಳ್ಳನೆ ಒಂದು ದೊಡ್ಡ ದೀಪ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ವಿದ್ಯುತ್ ಬಂದಿತ್ತು, ಮನೆಯ ಹೊರಗಿನ ಬಲ್ಬಿನ ಗುಂಡಿ ಹಾಕಿಯೇ ಇತ್ತು. ಪಕ್ಕದ ಜಮೀನಿನವರು ನೀರು ತಿರುಗಿಸಲು ಬಂದರು. ಅವರಿಗೆ ಗುರುತು ಹೇಳಿ, ಗಂಜಿ ಕೊಟ್ಟು, ಬಲ್ಬಿಗೆ ಗೋಣಿ ಮುಚ್ಚುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು. ನಮ್ಮ ಸೀಮೆಯಲ್ಲಿ ವೀಕ್ಷಣೆ ಮಾಡುವವರು ಚಂದ್ರನ ಪಂಚಾಂಗದ ಜೊತೆ ವಿದ್ಯುತ್ ಸರದಿಯ ಪಂಚಾಂಗವನ್ನೂ ನೋಡಿಕೊಳ್ಳಬೇಕು.

ಆಮೇಲಿನ ಎರಡು ಗಂಟೆ ನಮ್ಮದಾಯಿತು. ಮಂಗಳ ಜನವರಿ 16ರಂದು ಸೂರ್ಯನಿಗೆ ಎದುರಾಗಿ, ಅಂದರೆ ರಾತ್ರಿಯಿಡೀ ಕಾಣುವ ಜಾಗಕ್ಕೆ ಬಂದು, ಹದಿನೈದು ದಿನವಷ್ಟೇ ಕಳೆದಿತ್ತು. ಪಶ್ಚಿಮಕ್ಕೆ ವಾಲಿದ್ದರೂ ಬಿಂಬ ಅಲುಗಾಡಲಿಲ್ಲ, ಧ್ರುವದ ಬಿಳಿ ಚುಕ್ಕೆಯನ್ನು ಏಳೆಂಟು ಮಕ್ಕಳು ತಾವಾಗಿಯೇ ಹೇಳಿದರು. ಐದು ಗಂಟೆಯ ಸುಮಾರಿಗೆ ದಕ್ಷಿಣದಲ್ಲಿ ತ್ರಿಶಂಕು (ಸದರ್ನ್ ಕ್ರಾಸ್) ಬಹುತೇಕ ನೆಟ್ಟಗೆ ನಿಂತಿತ್ತು, ಅದರ ಎಡಕ್ಕೆ ಆಲ್ಫಾ, ಬೀಟಾ ಸೆಂಟಾರಿ. ಉತ್ತರದವರು ದುಡ್ಡು ಕೊಟ್ಟರೂ ಸಿಗದ ಆಕಾಶ ಇದು. ನಮ್ಮ ಅಕ್ಷಾಂಶ ಹದಿನಾಲ್ಕು ಡಿಗ್ರಿ ಚಿಲ್ಲರೆ, ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ನಮಗೆ ದಿಗಂತದಿಂದ ಇಪ್ಪತ್ತೆಂಟು ಡಿಗ್ರಿ ಏರುತ್ತದೆ. ಬೈನಾಕ್ಯುಲರಿನಲ್ಲಿ ಮಬ್ಬು ಚೆಂಡು, 25 ಮಿಲಿಮೀಟರ್ ಕಣ್ಣುಮಸೂರದಲ್ಲಿ ಪುಡಿಪುಡಿ ಚುಕ್ಕೆ. ಸಾಲಿನಲ್ಲಿ ನೋಡಿದವರು ಮತ್ತೆ ಸಾಲಿನ ಕೊನೆಗೆ ಓಡಿದ್ದು ಇದೊಂದಕ್ಕೆ ಮಾತ್ರ. ಒಂಬತ್ತರಿಂದ ಹನ್ನೆರಡೂವರೆಯ ವೇಳಾಪಟ್ಟಿಯಲ್ಲಿ ಮಂಗಳವನ್ನು ಬಿಟ್ಟರೆ ಇವುಗಳಲ್ಲಿ ಒಂದೂ ಇಲ್ಲ. ಗೆಳೆಯರಿಗೆ ಬೆಳಿಗ್ಗೆ ಆರಕ್ಕೇ ಸಂದೇಶ ಕಳುಹಿಸಿದೆ, ಸುಳ್ಳೇಕೆ ಹೇಳಲಿ, ಖುಷಿಯಿಂದಲೇ ಕಳುಹಿಸಿದೆ.

ಎರಡು ರಾತ್ರಿ ಬೇಕೆಂದು ಹಟ ಹಿಡಿದದ್ದು ಲುಬ್ಧಕ (ಸಿರಿಯಸ್) ನಕ್ಷತ್ರದ ಪ್ರಯೋಗಕ್ಕಾಗಿ. ನಕ್ಷತ್ರ ದಿನಕ್ಕೆ 3 ನಿಮಿಷ 56 ಸೆಕೆಂಡ್ ಬೇಗ ಮುಳುಗುತ್ತದೆ ಎಂದು ಪುಸ್ತಕದಲ್ಲಿದೆ, ಮಕ್ಕಳೇ ಅಳೆಯಲಿ ಎಂದುಕೊಂಡೆ. ಹಿಂದೆ ಒಮ್ಮೆ ಗಾಳಿಯಂತ್ರದ ಕಂಬದ ಹಿಂದೆ ನಕ್ಷತ್ರ ಮರೆಯಾಗುವ ಹೊತ್ತನ್ನು ಬರೆಸಿದಾಗ ಒಂದು ಗುಂಪಿಗೆ ಎರಡು ನಿಮಿಷ, ಇನ್ನೊಂದಕ್ಕೆ ಏಳು ನಿಮಿಷ ಬಂದಿತ್ತು. ನಮ್ಮ ಅಕ್ಷಾಂಶದಲ್ಲಿ ಲುಬ್ಧಕ ಬಹುತೇಕ ನೆಟ್ಟಗೆ ಇಳಿಯುತ್ತದೆ, ನೆಟ್ಟಗಿನ ಕಂಬಕ್ಕೆ ಒರಸಿಕೊಂಡೇ ಹೋಗುತ್ತದೆ. ಬೇಕಾದದ್ದು ಅಡ್ಡ ಅಂಚು. ಹಳೆಯ ಪಂಪ್ ಮನೆಯ ಕಲ್ಲು ಚಪ್ಪಡಿಯ ಸೂರು ಸಿಕ್ಕಿತು. ಅದರಿಂದ ಹದಿನೈದು ಮೀಟರ್ ದೂರದ ಬಂಡೆಗೆ ಅರ್ಧ ಇಂಚಿನ ಪೈಪಿನ ಮೂರು ತುಂಡುಗಳನ್ನು, ಅವುಗಳ ಮೂಲಕ ಸೂರಿನ ಅಂಚು ಕಾಣುವಂತೆ, ಎಂ-ಸೀಲ್ ಹಾಕಿ ಭದ್ರ ಮಾಡಿದೆವು. ಕಣ್ಣಿನ ಕಡೆಯ ತುದಿಗೆ ಮಾತ್ರೆಯ ಹಾಳೆ ಅಂಟಿಸಿ ಮೂರು ಮಿಲಿಮೀಟರಿನ ತೂತು. ತೂತು ದೊಡ್ಡದಾದರೆ ಕಣ್ಣು ಅತ್ತಿತ್ತ ಸರಿದು ಐದಾರು ಸೆಕೆಂಡ್ ಹೋಗುತ್ತದೆ. ಒಂದು ಮೊಬೈಲನ್ನು ಚೀಲದಿಂದ ಬಿಡುಗಡೆ ಮಾಡಿ, ಕೆಂಪು ಜಿಲೆಟಿನ್ ಕಾಗದ ಸುತ್ತಿ, ಒಬ್ಬಳು ಸೆಕೆಂಡ್ ಕೂಗುವುದು ಎಂದಾಯಿತು.

ಮೊದಲ ರಾತ್ರಿ ಮೂರೂವರೆಯ ಹತ್ತಿರ ಮರೆಯಾಯಿತು. ಲುಬ್ಧಕ ಮಿನುಗುತ್ತ ಮಿನುಗುತ್ತ ತಟ್ಟನೆ ಇಲ್ಲವಾಗುತ್ತದೆ, ಸಂಶಯಕ್ಕೆ ಜಾಗವಿಲ್ಲ. ಮರುದಿನ ಹಗಲೆಲ್ಲ ಪೈಪಿನ ಹತ್ತಿರ ಮೇಕೆ ಹೋಗದಂತೆ ಸರದಿಯಲ್ಲಿ ಕಾವಲು ಕಾಯ್ದರು. ಎರಡನೆಯ ರಾತ್ರಿಯ ವ್ಯತ್ಯಾಸ ಒಂದು ಪೈಪಿಗೆ 3 ನಿಮಿಷ 50ರ ಆಸುಪಾಸು, ಒಂದಕ್ಕೆ 4 ನಿಮಿಷದ ಆಚೆ ಒಂದೆರಡು ಸೆಕೆಂಡ್, ಇನ್ನೊಂದು ನಡುವೆ. ಸರಾಸರಿ 3 ನಿಮಿಷ 54 ಎಂದು ನೆನಪು. ಸುಮಾರು ನೂರೈವತ್ತು ರೂಪಾಯಿಯ ಪೈಪು ಮತ್ತು ಅಂಟಿನಿಂದ! ಲಕ್ಷ ರೂಪಾಯಿಯ ಪ್ರಯೋಗಾಲಯದಲ್ಲಿಯೂ ನಮ್ಮ ಮಕ್ಕಳು ಪುಸ್ತಕದ ಅಂಕಿಗೆ ಇಷ್ಟು ಹತ್ತಿರ ಬಂದದ್ದನ್ನು ನಾನು ನೋಡಿಲ್ಲ.

ತೋಟದ ಯಜಮಾನರು ಎರಡನೆಯ ಸಂಜೆ ನಮ್ಮೊಡನೆ ಕುಳಿತರು. ‘ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಕೆಸರು’ ಎನ್ನುವುದು ಅವರ ಬಾಯಲ್ಲಿಯೇ ಇದೆ, ಮಳೆ ನಕ್ಷತ್ರಗಳ ಹೆಸರೆಲ್ಲ ಕ್ರಮವಾಗಿ ಬರುತ್ತದೆ. ಆದರೆ ರೋಹಿಣಿ, ಆರ್ದ್ರಾ ಎಂದು ಆಕಾಶದಲ್ಲಿ ಬೆರಳಿಟ್ಟು ತೋರಿಸಿದ್ದು ಎಂಟನೆಯ ತರಗತಿಯ ಹುಡುಗಿ. ‘ಆರ್ದ್ರಾ ಮಳೆ ಜೂನಿನಲ್ಲಿ, ನಕ್ಷತ್ರ ಚಳಿಗಾಲದಲ್ಲಿ ಏಕೆ ಕಾಣುತ್ತದೆ’ ಎಂದು ಅವರು ಕೇಳಿದ್ದು ಸರಿಯಾದ ಪ್ರಶ್ನೆ. ಜೂನ್ 22ರ ಸುಮಾರಿಗೆ ಸೂರ್ಯನೇ ಆ ನಕ್ಷತ್ರದ ಕಡೆ ಹೋಗಿ ನಿಲ್ಲುತ್ತಾನೆ, ಬೆಳಕಿನಲ್ಲಿ ಅದು ಕಾಣುವುದಿಲ್ಲ ಎಂದು ಅವಳು ಎರಡು ಕಲ್ಲಿಟ್ಟು ವಿವರಿಸಿದಳು. ನಾನು ಮಧ್ಯೆ ಬಾಯಿ ಹಾಕಲಿಲ್ಲ.

ಖರ್ಚು ಹೀಗೆ. ಮಿನಿ ಬಸ್ ಬಿಟ್ಟು ಹೋಗಿ ಮತ್ತೆ ಬರುವುದಕ್ಕೆ ಒಂಬತ್ತು ಸಾವಿರ. ಚಾಲಕನನ್ನು ಅಲ್ಲಿ ಉಳಿಸಿಕೊಂಡಿದ್ದರೆ ಹದಿನಾಲ್ಕು ಆಗುತ್ತಿತ್ತು. ಅಡುಗೆ, ಜೋಳದ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ಸೇರಿ ಏಳು ಸಾವಿರದೊಳಗೆ. ಶಾಮಿಯಾನ ಅಂಗಡಿಯಿಂದ ಜಮಖಾನ, ರಗ್ಗು, ತಾಡಪಾಲು ಬಾಡಿಗೆ ಎರಡೂವರೆ ಸಾವಿರ. ಬ್ಯಾಟರಿ, ಔಷಧ, ಚಿಲ್ಲರೆ ಒಂದು ಸಾವಿರ. ಕಂಬಳಿಗಳ ಹಣ ನನ್ನದು, ಅವು ಮುಂದಿನ ವರ್ಷಕ್ಕೂ ಬರುತ್ತವೆ. ಮಕ್ಕಳಿಂದ ಮುನ್ನೂರು ರೂಪಾಯಿ ಕೇಳಿದ್ದೆ, ಆರೇಳು ಜನರಿಂದ ತೆಗೆದುಕೊಳ್ಳಲಿಲ್ಲ. ದಾವಣಗೆರೆಯಲ್ಲಿ ಅಂಗಡಿ ಇಟ್ಟಿರುವ ಹಳೆಯ ವಿದ್ಯಾರ್ಥಿ ಐದು ಸಾವಿರ ಕೊಟ್ಟ. ಉಳಿದದ್ದು ಎಲ್ಲಿಂದ ಬಂತು ಎಂದು ನನ್ನಂತಹ ಮೇಷ್ಟರಿಗೆ ಹೇಳಬೇಕಾಗಿಲ್ಲ. ತೋಟದ ಯಜಮಾನರು ಹಣ ಮುಟ್ಟಲಿಲ್ಲ. ಪಂಪ್ ಮನೆಯ ಕೆಟ್ಟ ಸ್ಟಾರ್ಟರನ್ನು ನಮ್ಮ ಪ್ರಯೋಗಾಲಯ ಸಹಾಯಕರು ಸರಿಮಾಡಿ ಕೊಟ್ಟರು.

ಮುಂದಿನ ಚಳಿಗಾಲಕ್ಕೆ ಕೆಲವು ಬದಲಾವಣೆ ಬರೆದಿಟ್ಟುಕೊಂಡಿದ್ದೇನೆ. ಮೂವತ್ತು ಮಕ್ಕಳಿಗೆ ಒಂದು ದೂರದರ್ಶಕ ಸಾಲದು, ಇನ್ನೊಂದು ಆರು ಇಂಚಿನ ಕನ್ನಡಿ ಉಜ್ಜಲು ಶುರು ಮಾಡಿದ್ದೇನೆ. 2026ರ ಜನವರಿ 18 ಭಾನುವಾರ ಅಮಾವಾಸ್ಯೆ, ಸಂಕ್ರಾಂತಿಯೂ ಕಳೆದಿರುತ್ತದೆ. ಗುರು ಜನವರಿ 10ಕ್ಕೆ ಸೂರ್ಯನ ಎದುರು ಬಂದಿರುತ್ತದೆ, ಆದ್ದರಿಂದ ಆ ಬಾರಿ ಎರಡೂವರೆಗೆ ಎದ್ದರೂ ಸಿಗುತ್ತದೆ. ಪೈಪುಗಳನ್ನು ಐದು ಮಾಡಬೇಕು. ನಸುಕಿಗೆಂದು ಒಯ್ದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಪೊಟ್ಟಣ ಬಿಚ್ಚುವ ಹೊತ್ತಿಗೆ ಇಬ್ಬನಿ ಹಿಡಿದು ಮಂಡಕ್ಕಿ ಮೆತ್ತಗಾಗಿತ್ತು. ದಾವಣಗೆರೆಯ ಮಕ್ಕಳು ಇದನ್ನು ಕ್ಷಮಿಸಲಿಲ್ಲ. ಮುಂದಿನ ಸಲ ಮುಚ್ಚಳದ ಡಬ್ಬಿ.